ಬಂಡೆ ಕಡಿದು ಮರಳು ಸುರಿಸುವ ಗಿಳಿಮೀನು

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಲಕ್ಷದ್ವೀಪದ ಅಗತ್ತಿಗೆ ಹೋಗಿದ್ದೆವು. ಸ್ನಾರ್ಕೆಲ್ ಹಾಕಿ ನೀರಲ್ಲಿ ಮುಖ ಮುಳುಗಿಸಿದರೆ, ಹಸಿರು-ನೀಲಿ ಮೀನೊಂದು ಕಟಕಟ ಬಂಡೆಯನ್ನೇ ಕಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಹಿಂದಿನಿಂದ ಬಿಳಿ ಪುಡಿ ಹೊಗೆಯ ಹಾಗೆ ಬಿತ್ತು. ಇದು ಯಾವ ಮೀನು? ಹೀಗೆ ಕಡಿದರೆ ಹವಳ ಹಾಳಾಗುವುದಿಲ್ಲವೇ?
– ಓದುಗರು, ಪುತ್ತೂರು

ಉತ್ತರ: ನೀವು ಕಂಡದ್ದು ಗಿಳಿಮೀನು. ಆ ಬಿಳಿ ಪುಡಿಯೇ ಮರಳು. ಹವಳದ ದ್ವೀಪಗಳ ಬೆಳ್ಳನೆಯ ದಡದಲ್ಲಿ ಈ ಮೀನಿನ ಹೊಟ್ಟೆಯಿಂದ ಬಂದ ಪಾಲು ದೊಡ್ಡದು. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಸುತ್ತ ಲೆಕ್ಕ ಹಾಕಿದ ವಿಜ್ಞಾನಿಗಳು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ 85ಕ್ಕೂ ಹೆಚ್ಚು ಗಿಳಿಮೀನುಗಳದ್ದೇ ಎಂದು 2015ರಲ್ಲಿ ಪ್ರಕಟಿಸಿದರು.

ಹತ್ತಿರದಿಂದ ಬಾಯಿ ನೋಡಿದ್ದರೆ ಹೆಸರಿನ ಗುಟ್ಟು ತಿಳಿಯುತ್ತಿತ್ತು. ನೂರಾರು ಸಣ್ಣ ಹಲ್ಲುಗಳು ಒಂದಕ್ಕೊಂದು ಬೆಸೆದು ಗಿಳಿಯ ಕೊಕ್ಕಿನಂತಾಗಿವೆ, ನಡುವೆ ಒಂದು ಸೀಳು ಗೆರೆ. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನದು ಮುಂದೆ ಬರುತ್ತದೆ. ಈಜುವಾಗಲೂ ಬಾಲಕ್ಕಿಂತ ಎರಡು ಪಕ್ಕದ ಈಜುರೆಕ್ಕೆಗಳನ್ನೇ ಹಕ್ಕಿಯಂತೆ ಬಡಿಯುತ್ತದೆ.

ಅದು ತಿನ್ನಲು ಬಂದದ್ದು ಬಂಡೆಯನ್ನಲ್ಲ. ಸತ್ತ ಹವಳದ ಮೇಲೂ ಒಳಗೂ ಬೆಳೆದ ಪಾಚಿ, ಸೂಕ್ಷ್ಮಜೀವಿಗಳು ಅದರ ಊಟ. ಅವುಗಳ ಜೊತೆ ಸುಣ್ಣದ ಕಲ್ಲೂ ಬಾಯಿಗೆ ಬರುತ್ತದೆ. ಗಂಟಲಲ್ಲಿ ಇನ್ನೊಂದು ಜೋಡಿ ದವಡೆಯಿದೆ. ನಮ್ಮ ಒರಳಿನ ಹಾಗೆ ಅದು ಎಲ್ಲವನ್ನೂ ನುಣ್ಣಗೆ ಅರೆಯುತ್ತದೆ. ಈ ಮೀನಿಗೆ ಜಠರವೇ ಇಲ್ಲ. ಅರೆದದ್ದು ನೇರ ಕರುಳಿಗೆ ಹೋಗಿ, ಸಾರ ಹೀರಿದ ಮೇಲೆ ಉಳಿದ ಸುಣ್ಣ ಹೊರಗೆ ಬೀಳುತ್ತದೆ. ಹಣೆ ಉಬ್ಬಿದ ದೊಡ್ಡ ಜಾತಿಯ ಗಿಳಿಮೀನು ನಾಲ್ಕು ಅಡಿ ದಾಟಿ ಬೆಳೆಯುತ್ತದೆ. ಅಂಥದ್ದೊಂದೇ ವರ್ಷಕ್ಕೆ ಸುಮಾರು 5 ಟನ್ ಸುಣ್ಣದ ಕಲ್ಲು ಕಡಿಯುತ್ತದೆ.

ಹವಳ ಹಾಳಾಗುತ್ತದೆಯೇ ಎಂಬ ನಿಮ್ಮ ಕಳಕಳಿ ಸರಿಯಾದದ್ದೇ. ಆ ಉಬ್ಬುಹಣೆಯ ಜಾತಿ ಜೀವಂತ ಹವಳವನ್ನೂ ಕಡಿಯುತ್ತದೆ, ನಿಜ. ಆದರೆ ಹೆಚ್ಚಿನವು ಹಾಗಲ್ಲ. 1998, 2010, 2016ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬಿಳಿಚಿತು, ಬಹಳಷ್ಟು ಸತ್ತಿತು. ಸತ್ತ ಹವಳದ ಮೇಲೆ ಪಾಚಿ ದಟ್ಟವಾದರೆ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗವಿರುವುದಿಲ್ಲ. ಆ ಜಾಗ ಕೆರೆದು ಕೊಡುವುದು ಗಿಳಿಮೀನು. ಬೆಲೀಜ್ ದೇಶ 2009ರಲ್ಲಿ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. ನಮ್ಮ ಹವಳದ ನೀರಿನಲ್ಲೂ ಇದನ್ನು ಬಲೆಗೆ ಹಾಕದೆ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀವು ಕಂಡ ಹಸಿರು-ನೀಲಿಯದು ಬಹುಶಃ ಗಂಡು. ಅದರ ಸುತ್ತ ಕಂದು, ಬೂದು ಬಣ್ಣದ ಮೀನುಗಳಿದ್ದರೆ ಅವು ಬೇರೆ ಜಾತಿಯೆಂದುಕೊಳ್ಳಬೇಡಿ, ಅದರ ಹೆಣ್ಣುಗಳೇ ಇರಬಹುದು. ಹಲವು ಜಾತಿಗಳಲ್ಲಿ ಯಜಮಾನ ಗಂಡು ಸತ್ತರೆ ಗುಂಪಿನ ದೊಡ್ಡ ಹೆಣ್ಣೇ ಬಣ್ಣ ಬದಲಿಸಿ ಗಂಡಾಗುತ್ತದೆ.

ಕತ್ತಲಾದರೆ ಇದು ಬಂಡೆಯ ಸಂದಿನಲ್ಲಿ ಮಲಗುತ್ತದೆ. ಕೆಲವು ಜಾತಿಗಳು ಮಲಗುವ ಮುನ್ನ ಬಾಯಿಂದ ಲೋಳೆ ಬಿಟ್ಟು ಮೈಸುತ್ತ ತೆಳ್ಳಗಿನ ಪಾರದರ್ಶಕ ಚೀಲ ಕಟ್ಟಿಕೊಳ್ಳುತ್ತವೆ. ರಾತ್ರಿ ರಕ್ತ ಹೀರಲು ಬರುವ ಪುಟ್ಟ ಪರೋಪಜೀವಿಗಳಿಗೆ ಅದು ತಡೆ, ನಮಗೆ ಸೊಳ್ಳೆಪರದೆ ಇದ್ದಂತೆ. ರಾತ್ರಿ ಡೈವ್ ಮಾಡುವಾಗ ಟಾರ್ಚ್ ಬೆಳಕಿಗೆ ಆ ಚೀಲ ಮಿನುಗುತ್ತದೆ, ಒಳಗೆ ಮೀನು ಕಿವಿರು ಮಾತ್ರ ಆಡಿಸುತ್ತಿರುತ್ತದೆ. ದಯವಿಟ್ಟು ಮುಟ್ಟಬೇಡಿ.

ಲಕ್ಷದ್ವೀಪಕ್ಕೆ ಮತ್ತೆ ಹೋಗಲಾಗದಿದ್ದರೆ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಗಿಳಿಮೀನುಗಳಿವೆ. ಬಂಡೆಯ ಮೇಲೆ ಉಳಿಯಿಂದ ಕೆತ್ತಿದಂಥ ಬಿಳಿ ಗೀರುಗಳನ್ನು ಹುಡುಕಿ, ಮೀನು ಅಲ್ಲೇ ಎಲ್ಲೋ ಇರುತ್ತದೆ.

ಪ್ರಶ್ನೆ: ಅಕ್ವೇರಿಯಂ ಅಂಗಡಿಯಲ್ಲಿ ಕಿತ್ತಳೆ ಬಣ್ಣದ ‘ಪ್ಯಾರಟ್ ಫಿಶ್’ ತಂದಿದ್ದೇವೆ. ನೀರಿಗೆ ಸಮುದ್ರದ ಉಪ್ಪು ಹಾಕಬೇಕೇ?
– ಓದುಗರು, ದಾವಣಗೆರೆ

ಉತ್ತರ: ಹಾಕಬೇಡಿ. ಅದು ‘ಬ್ಲಡ್ ಪ್ಯಾರಟ್’, ಸಿಹಿನೀರಿನ ಸಿಕ್ಲಿಡ್ ಮೀನುಗಳ ಮಿಶ್ರತಳಿ. ಹವಳದ ಗಿಳಿಮೀನಿಗೂ ಅದಕ್ಕೂ ಹೆಸರಷ್ಟೇ ನಂಟು. ಬಾಯಿ ಪೂರ್ತಿ ಮುಚ್ಚಲಾಗದ ಮೀನದು, ಸಣ್ಣ ಕಾಳಿನಂಥ ಆಹಾರ ಕೊಡಿ.