ಉಬುಂಟುನಲ್ಲಿ ಹಳೆಯ ಆಲ್ಬಂ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸಬಹುದೇ?

ಲ್ಯಾಪ್‌ಟಾಪಿಗೆ ಉಬುಂಟು (ಲಿನಕ್ಸ್ ಬಗೆಯ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡಿದ್ದೀರಿ, ಮನೆಯಲ್ಲಿ 1980ರ ದಶಕದ ಆಲ್ಬಂ ಇದೆ, ಫೋಟೋಶಾಪ್ ಇಲ್ಲದೆ ಆ ಫೋಟೋಗಳನ್ನು ಸ್ಕ್ಯಾನ್ ಮಾಡಿ ಬಣ್ಣ ಸರಿಮಾಡಲು ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಮ್ಮ ಅಜ್ಜಿಯ ಆಲ್ಬಮ್ಮನ್ನು ನಾನು ಹೀಗೇ ಮುಗಿಸಿದೆ, ಒಂದು ರೂಪಾಯಿ ಸಾಫ್ಟ್‌ವೇರ್ ಖರ್ಚಿಲ್ಲ.

ಮೊದಲು ಸ್ಕ್ಯಾನರ್. ಲಿನಕ್ಸ್‌ನಲ್ಲಿ ಸ್ಕ್ಯಾನರ್‌ಗಳನ್ನು ನಡೆಸುವುದು ಸೇನ್ ಎಂಬ ವ್ಯವಸ್ಥೆ. ಹೊಸ ಆಲ್-ಇನ್-ಒನ್ ಪ್ರಿಂಟರುಗಳಲ್ಲಿ ಬಹಳಷ್ಟು, ಬೇರೆ ಡ್ರೈವರ್ (ಯಂತ್ರ ನಡೆಸುವ ಸಾಫ್ಟ್‌ವೇರ್) ಹಾಕದೆಯೇ ಕೆಲಸ ಮಾಡುತ್ತವೆ. ಹಳೆಯದೊಂದನ್ನು ಕೊಳ್ಳುವುದಾದರೆ ಸೇನ್ ಜಾಲತಾಣದ ಪಟ್ಟಿಯಲ್ಲಿ ಆ ಮಾಡೆಲ್ ಇದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.

ಸ್ಕ್ಯಾನ್ ಮಾಡಲು ಡಾಕ್ಯುಮೆಂಟ್ ಸ್ಕ್ಯಾನರ್ ಎಂಬ ಆ್ಯಪ್ ಸಾಕು. ಮುಂಚೆ ಇದರ ಹೆಸರು ಸಿಂಪಲ್ ಸ್ಕ್ಯಾನ್. ಅದರಲ್ಲಿ ಟೆಕ್ಸ್ಟ್, ಇಮೇಜ್ ಎಂದು ಎರಡು ಬಗೆ ಇದೆ. ಇಮೇಜ್ ಆರಿಸಿ. ನಾನು ಗಮನಿಸದೆ ಮೊದಲ ಇಪ್ಪತ್ತು ಫೋಟೋ ಟೆಕ್ಸ್ಟ್‌ನಲ್ಲಿ ಮಾಡಿ, ಎಲ್ಲರ ಮುಖವೂ ಬೂದಿ ಬಳಿದ ಹಾಗೆ ಬಂತು. 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. 4×6 ಇಂಚಿನ ಫೋಟೋ 2400×3600 ಪಿಕ್ಸೆಲ್ ಆಗುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಲೂ ಸಾಲುತ್ತದೆ. ಜೆಪಿಇಜಿ ಬೇಡ, ಪಿಎನ್‌ಜಿಯಲ್ಲಿ ಉಳಿಸಿ. ಗಾಜನ್ನು ಪ್ರತಿ ಸಲ ಒರೆಸಿ. ಅಲ್ಲಿ ಬಿಟ್ಟ ಒಂದು ಧೂಳಿನ ಕಣವನ್ನು ಆಮೇಲೆ ಪ್ರತಿ ಫೋಟೋದಲ್ಲೂ ಅಳಿಸುತ್ತಾ ಕೂರಬೇಕು. ಅಂಚು ಸುರುಳಿಯಾದ ಫೋಟೋ ಇದ್ದರೆ ಒಂದೆರಡು ದಿನ ದಪ್ಪ ಪುಸ್ತಕದಡಿ ಇಡಿ. ತೆಳ್ಳಗಿನ ಅಗ್ಗದ ಸ್ಕ್ಯಾನರ್‌ಗಳಿಗೆ ಗಾಜಿನಿಂದ ಸ್ವಲ್ಪ ಮೇಲೆದ್ದ ಭಾಗವೂ ಮಸುಕು.

ಇನ್ನು ಬಣ್ಣ. ಆ ಕಾಲದ ಕಲರ್ ಪ್ರಿಂಟುಗಳು ಈಗ ಕೆಂಪಗೆ ಕಾಣುತ್ತವೆ ಅಲ್ವಾ? ಎಷ್ಟೋ ಪ್ರಿಂಟುಗಳಲ್ಲಿ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಉಳಿದವಕ್ಕಿಂತ ಬೇಗ ಮಾಸಿರುತ್ತದೆ, ಅದಕ್ಕೇ. ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಕಲರ್ಸ್ ಮೆನುವಿನ ಲೆವೆಲ್ಸ್ ತೆರೆಯಿರಿ. ಮೇಲೆ ಚಾನೆಲ್ ಅಂತ ಇರುತ್ತದೆ. ಅಲ್ಲಿ ರೆಡ್, ಗ್ರೀನ್, ಬ್ಲೂ ಒಂದೊಂದನ್ನೇ ಆರಿಸಿ, ಗುಡ್ಡದಂತೆ ಕಾಣುವ ಗ್ರಾಫ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಎರಡು ತುದಿಯ ತ್ರಿಕೋನಗಳನ್ನು ಎಳೆದು ತನ್ನಿ. ಅಷ್ಟೇ. ನಮ್ಮ ಚಿಕ್ಕಮ್ಮನ ಮದುವೆ ಫೋಟೋದಲ್ಲಿ ಚಪ್ಪರದ ಮಾವಿನೆಲೆ ಕಂದು ಬಣ್ಣಕ್ಕೆ ತಿರುಗಿತ್ತು. ಮೂರನೇ ಚಾನೆಲ್ ಮುಗಿಯುವಾಗ ಹಸಿರಾಗಿ ಎದ್ದು ಕೂತಿತು! ಮನೆಮಂದಿಯೆಲ್ಲ ಬಂದು ನೋಡಿದರು. ಆಟೋ ಬಟನ್ನೂ ಇದೆ, ಆದರೆ ಅದು ಕೆಲವೊಮ್ಮೆ ಮುಖಕ್ಕೆ ನೀಲಿ ಬಳಿಯುತ್ತದೆ. ನನಗೆ ಕೈಯಲ್ಲಿ ಎಳೆಯುವುದೇ ಇಷ್ಟ.

ಗೀರು, ಚುಕ್ಕೆಗಳಿಗೆ ಜಿಂಪ್‌ನ ಹೀಲ್ ಟೂಲ್. ಕಂಟ್ರೋಲ್ ಒತ್ತಿಕೊಂಡು ಪಕ್ಕದ ಚೊಕ್ಕ ಜಾಗದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಗೀರಿನ ಮೇಲೆ ಸವರಿ. ನಿಧಾನದ ಕೆಲಸ. ಅದಕ್ಕೆ ಬೇಸತ್ತು ನಾನು ಒಮ್ಮೆ ಡೆಸ್ಪೆಕಲ್ ಫಿಲ್ಟರ್ ಹಾಕಿದೆ. ಅದು ಧೂಳಿನ ಚುಕ್ಕೆಗಳನ್ನೆಲ್ಲ ಒಂದೇ ಏಟಿಗೆ ತೆಗೆಯಿತು. ಖುಷಿಯಿಂದ ಅಮ್ಮನಿಗೆ ತೋರಿಸಿದರೆ, "ಅಜ್ಜಿ ಮೂಗುಬೊಟ್ಟು ಎಲ್ಲೋ?" ಅಂದಳು. ಹರಳಿನ ಹೊಳಪನ್ನೂ ಫಿಲ್ಟರ್ ಧೂಳು ಅಂತ ಅಂದುಕೊಂಡಿತ್ತು. ಸ್ಕ್ಯಾನ್ ಮಾಡಿದ ಪಿಎನ್‌ಜಿ ಬೇರೆ ಫೋಲ್ಡರಿನಲ್ಲಿ ಹಾಗೇ ಇತ್ತು, ಪುಣ್ಯಕ್ಕೆ. ಆ ಫೋಟೋವನ್ನು ಮತ್ತೆ ಮೊದಲಿಂದ ಹೀಲ್ ಟೂಲ್‌ನಲ್ಲೇ ಮಾಡಿದೆ.