ಬಿರುಬಿಸಿಲಲ್ಲಿ ಬಾಸ್ ಎಲ್ಲಿರುತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟೆಕ್ಸಾಸ್‌ನ ಕನ್ನಡಿಗ ಓದುಗರವು, ಲಾರ್ಜ್‌ಮೌತ್ ಬಾಸ್ ಮೀನಿನ ಬಗ್ಗೆ. ಕೊನೆಯದೊಂದು ಮೈಸೂರಿನಿಂದ ಬಂದದ್ದು.

ಪ್ರಶ್ನೆ: ಜುಲೈನಲ್ಲಿ ಲೇಕ್ ಫೋರ್ಕ್ ಜಲಾಶಯಕ್ಕೆ ಹೋಗಿದ್ದೆವು. ಮೇಲಿನ ನೀರು ಬಿಸಿ, ತಳದಲ್ಲಿ ತಂಪು ಇರುತ್ತದೆಂದು ಅಣೆಕಟ್ಟಿನ ಬಳಿ 40 ಅಡಿ ಆಳಕ್ಕೆ ಗಾಳ ಬಿಟ್ಟು ಮಧ್ಯಾಹ್ನದವರೆಗೂ ಕೂತೆವು. ಒಂದೂ ಕಚ್ಚಲಿಲ್ಲ. ಏಕೆ? (ಡಲ್ಲಾಸ್)

ಉತ್ತರ: ತಳದಲ್ಲಿ ತಂಪಿರುವುದು ನಿಜ, ಆದರೆ ಅಲ್ಲಿ ಉಸಿರಾಡಲು ಏನೂ ಇಲ್ಲ. ಬೇಸಿಗೆಯಲ್ಲಿ ದೊಡ್ಡ ಜಲಾಶಯದ ನೀರು ಪದರ ಕಟ್ಟುತ್ತದೆ. ಮೇಲಿನ ಬಿಸಿನೀರು ಹಗುರ, ಕೆಳಗಿನ ತಣ್ಣೀರು ಭಾರ. ಎರಡರ ನಡುವೆ ಕೆಲವೇ ಅಡಿಗಳಲ್ಲಿ ಉಷ್ಣಾಂಶ ಸರ್ರನೆ ಇಳಿಯುವ ಪಟ್ಟಿಗೆ ಥರ್ಮೋಕ್ಲೈನ್ ಎನ್ನುತ್ತಾರೆ. ಅದರ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪಿಹೋಗಿರುತ್ತದೆ. ತಳದ ಕೊಳೆ ಇದ್ದಬದ್ದ ಆಮ್ಲಜನಕವನ್ನೂ ನುಂಗಿಹಾಕುತ್ತದೆ. ನೀವು ಅಷ್ಟು ಹೊತ್ತು ಗಾಳ ಬಿಟ್ಟಿದ್ದು ಮೀನೇ ನಿಲ್ಲದ ಜಾಗಕ್ಕೆ.

ಮೇಲಿನ ನೀರಿನಲ್ಲೂ ಆಮ್ಲಜನಕ ಧಾರಾಳವಾಗಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿಗೆ ಮೀನಿನ ಹಸಿವು, ಉಸಿರು ಎರಡೂ ಹೆಚ್ಚುತ್ತವೆ. ಹಾಗಾಗಿ ಅದು ಥರ್ಮೋಕ್ಲೈನ್‌ಗಿಂತ ಸ್ವಲ್ಪ ಮೇಲೆ, ನೆರಳೋ ದಿಬ್ಬವೋ ಇರುವ ಕಡೆ ನಿಲ್ಲುತ್ತದೆ.

ದೋಣಿಯಲ್ಲಿ ಸೋನಾರ್ (ಶಬ್ದದ ಅಲೆಯಿಂದ ನೀರಿನೊಳಗನ್ನು ಪರದೆ ಮೇಲೆ ತೋರಿಸುವ ಯಂತ್ರ) ಇದ್ದರೆ ಅದರ ಸೆನ್ಸಿಟಿವಿಟಿ ಏರಿಸಿ. ತಳಕ್ಕಿಂತ ಸಾಕಷ್ಟು ಮೇಲೆ ಮಸುಕಾದ ಅಡ್ಡಪಟ್ಟಿ ಕಂಡರೆ ಅದೇ ಥರ್ಮೋಕ್ಲೈನ್. ಅದು 20 ಅಡಿಯಲ್ಲಿದೆ ಎನ್ನಿ. ಆಗ 12ರಿಂದ 18 ಅಡಿಯೊಳಗೆ ತಲೆ ಎತ್ತಿರುವ ದಿಬ್ಬ, ನೀರಿನೊಳಕ್ಕೆ ಚಾಚಿದ ದಂಡೆಯ ಮೂಗು, ಮುಳುಗಿದ ಹಳೇ ರಸ್ತೆ, ಮರದ ಮೋಟು ಹುಡುಕಿ. ಬಾಸ್ ತಿನ್ನುವ ಬೆರಳುದ್ದದ ಶ್ಯಾಡ್ ಮೀನಿನ ಹಿಂಡು ಪಕ್ಕದಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಬರೀ ಆಳ ನೋಡಿ ಜಾಗ ಆರಿಸಬೇಡಿ.

ಅಲ್ಲಿಗೆ ಕ್ಯಾರೊಲೈನಾ ರಿಗ್ ಎಂಬ ಗಾಳದ ಕಟ್ಟು ಸರಿಹೋಗುತ್ತದೆ. ಮುಖ್ಯ ದಾರಕ್ಕೆ ಮುಕ್ಕಾಲು ಔನ್ಸ್ ಭಾರದ ಗುಂಡು, ಒಂದು ಮಣಿ, ಸ್ವಿವೆಲ್ (ತಿರುಗುವ ಕೊಂಡಿ), ಅದರಾಚೆ 3 ಅಡಿ ಲೀಡರ್ (ಕೊಕ್ಕೆ ಕಟ್ಟುವ ತುಂಡುದಾರ), ತುದಿಯಲ್ಲಿ ಕೊಕ್ಕೆ ಮತ್ತು ಪ್ಲಾಸ್ಟಿಕ್ ಹುಳು. ರೀಲು ಸುತ್ತಿ ಎಳೆಯಬೇಡಿ, ಗಾಳದ ಕಡ್ಡಿಯನ್ನು ಪಕ್ಕಕ್ಕೆ ನಿಧಾನವಾಗಿ ಸರಿಸಿ ಎಳೆಯಿರಿ. ಗುಂಡು ತಳದ ಕಲ್ಲಿಗೆ ಟಕಟಕ ತಾಗುವುದು ಕೈಗೆ ಗೊತ್ತಾಗಬೇಕು.

ಪ್ರಶ್ನೆ: ಟೆಕ್ಸಾಸ್ ರಿಗ್ (ಕೊಕ್ಕೆಯ ಮೊನೆ ಪ್ಲಾಸ್ಟಿಕ್ ಹುಳುವಿನಲ್ಲಿ ಅಡಗುವ ಕಟ್ಟು) ಕಟ್ಟಿದರೆ ಹುಳು ಗಿರಗಿರನೆ ಸುತ್ತಿ ದಾರವೆಲ್ಲ ಮುರಿಗಟ್ಟುತ್ತದೆ. ಮೀನು ಕಚ್ಚಿದರೂ ತಪ್ಪಿಸಿಕೊಳ್ಳುತ್ತದೆ. (ಆಸ್ಟಿನ್)

ಉತ್ತರ: ಎರಡಕ್ಕೂ ಕಾರಣ ಕೊಕ್ಕೆ ಚುಚ್ಚುವ ರೀತಿ. 7 ಇಂಚಿನ ಹುಳುವಿಗೆ 3/0 ಅಥವಾ 4/0 ಅಳತೆಯ ಆಫ್‌ಸೆಟ್ ಕೊಕ್ಕೆ (ಕಣ್ಣಿನ ಬಳಿ ಮೆಟ್ಟಿಲಿನಂತೆ ಬಾಗಿದ್ದು) ತೆಗೆದುಕೊಳ್ಳಿ. ಹುಳುವಿನ ತಲೆಯ ನಟ್ಟನಡುವೆ ಮೊನೆ ಚುಚ್ಚಿ, ಅರ್ಧ ಸೆಂಟಿಮೀಟರ್ ಒಳಹೋದ ಮೇಲೆ ಪಕ್ಕದಿಂದ ಹೊರತೆಗೆಯಿರಿ. ಹುಳುವನ್ನು ಕೊಕ್ಕೆಯ ಕಣ್ಣಿನವರೆಗೆ, ಅಂದರೆ ದಾರ ಕಟ್ಟುವ ತೂತಿನವರೆಗೆ ಸರಿಸಿ, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಈಗ ಕೊಕ್ಕೆಯನ್ನು ಹುಳುವಿನ ಪಕ್ಕಕ್ಕೆ ಹಿಡಿದು, ಬಾಗು ಎಲ್ಲಿ ತಾಗುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ. ಮೊನೆಯನ್ನು ಅಲ್ಲೇ ನೇರವಾಗಿ ಆಚೆ ತೂರಿಸಿ. ಬಹಳ ಜನ ಗುರುತು ಮಾಡದೆ ಅಂದಾಜಿನಲ್ಲಿ ಚುಚ್ಚುತ್ತಾರೆ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಹುಳು ಗೂನಾಗುತ್ತದೆ, ಗೂನಾದ ಹುಳು ನೀರಲ್ಲಿ ಸುತ್ತುತ್ತದೆ. ನೇತುಹಾಕಿ ನೋಡಿ, ಹುಳು ಸೆಟೆದು ನೆಟ್ಟಗಿರಬೇಕು.

ಆಚೆ ಬಂದ ಮೊನೆಯನ್ನು ಚರ್ಮದಡಿ ತುಸುವೇ ಅಡಗಿಸಿ, ಕಳೆಗೆ ಸಿಕ್ಕದಿದ್ದರೆ ಸಾಕು. ಆಳಕ್ಕೆ ಹೂತರೆ ಎಳೆದಾಗ ಮೊನೆ ಪ್ಲಾಸ್ಟಿಕ್ಕಿನಲ್ಲೇ ಉಳಿದು ಮೀನಿನ ಬಾಯಿಗೆ ತಲುಪುವುದಿಲ್ಲ. ಕಚ್ಚಿದ್ದು ಗೊತ್ತಾದೊಡನೆ ಸಡಿಲ ದಾರ ಸುತ್ತಿಕೊಂಡು, ಆಮೇಲೆ ಕಡ್ಡಿಯನ್ನು ಮೇಲಕ್ಕೆ ಜಗ್ಗಿ. ಸಡಿಲ ದಾರದ ಮೇಲೆ ಜಗ್ಗಿದ್ದೆಲ್ಲ ದಂಡ. ಗಂಟನ್ನು ಉಗುಳಿನಿಂದ ಒದ್ದೆ ಮಾಡಿಯೇ ಬಿಗಿಯಿರಿ, ಒಣಗಿದ್ದಾಗ ಬಿಗಿದರೆ ಫ್ಲೋರೋಕಾರ್ಬನ್ ದಾರ ಉಜ್ಜಿ ಸುಟ್ಟು ಅಲ್ಲೇ ಕಿತ್ತುಹೋಗುತ್ತದೆ.

ಪ್ರಶ್ನೆ: ಪಾರ್ಕಿನ ಸಣ್ಣ ಕೊಳದಲ್ಲಿ ಮಕ್ಕಳೊಂದಿಗೆ ಗಾಳ ಹಾಕುತ್ತೇವೆ. ನಸುಕಿನಲ್ಲೇ ಹೋಗಬೇಕೆ? (ಹ್ಯೂಸ್ಟನ್)

ಉತ್ತರ: ದೊಡ್ಡ ಕೆರೆಗಾದರೆ ಹೌದು. ಕೊಳದ ತುಂಬ ಕಳೆಯಿದ್ದರೆ ಲೆಕ್ಕ ಬೇರೆ. ರಾತ್ರಿಯಿಡೀ ಗಿಡಗಳೂ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವಕ್ಕೆ ಅದು ತೀರಾ ಇಳಿದಿರುತ್ತದೆ, ಮೀನು ಮಂಕಾಗಿರುತ್ತದೆ. ಬಿಸಿಲೇರಿ ಒಂದೆರಡು ಗಂಟೆ ಕಳೆದ ಮೇಲೆ, ಇಲ್ಲವೇ ಸಂಜೆ ಹೋಗಿ. ಕಾರಂಜಿ ಇದ್ದರೆ ಅದು ನೀರಿಗೆ ಗಾಳಿ ಬೆರೆಸುವುದರಿಂದ ಅದರ ಸುತ್ತಲೂ ನೋಡಿ. 17 ತುಂಬಿದವರಿಗೆ ಟೆಕ್ಸಾಸ್‌ನ ಸಾರ್ವಜನಿಕ ನೀರಿನಲ್ಲಿ ಲೈಸೆನ್ಸ್ ಬೇಕು.

ಪ್ರಶ್ನೆ: ವಾಪಸ್ ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲಿತು. (ಡಲ್ಲಾಸ್)

ಉತ್ತರ: ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವಂತಿಲ್ಲ, ಬಿಡಲೇಬೇಕು. ಆದ್ದರಿಂದ ಬದುಕುವಂತೆ ಬಿಡುವುದನ್ನು ಕಲಿಯುವುದೇ ಸರಿ. ತೆಳು ದಾರದಲ್ಲಿ ಆಟ ಆಡಿಸಬೇಡಿ, ಗಟ್ಟಿ ದಾರದಲ್ಲಿ ಬೇಗ ಎಳೆದುಕೊಳ್ಳಿ. ಬಿಸಿನೀರಿನಲ್ಲಿ ಸುಸ್ತಾದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಕಾದ ದೋಣಿಯ ಹಲಗೆ ಮೇಲೆ ಮಲಗಿಸಿದರೆ ಮೈಯ ಲೋಳೆ ಕಿತ್ತುಬರುತ್ತದೆ. ಭಾರದ ಮೀನನ್ನು ದವಡೆ ಒಂದರಲ್ಲೇ ಅಡ್ಡ ಎತ್ತದೆ ಹೊಟ್ಟೆಗೂ ಕೈ ಕೊಡಿ. 25-30 ಅಡಿಯಿಂದ ಬಂದ ಮೀನಾದರೆ ಒಳಗಿನ ಗಾಳಿಚೀಲ ಉಬ್ಬಿರುತ್ತದೆ, ತಡ ಮಾಡದೆ ನೀರಿಗೆ ಬಿಡಿ. ಗಾಳಿ ತೆಗೆಯಲೆಂದು ಗೊತ್ತಿಲ್ಲದೆ ಸೂಜಿ ಚುಚ್ಚಲು ಹೋಗಬೇಡಿ.

ಪ್ರಶ್ನೆ: ಬಾಸ್‌ಗೆ ಬಳಸುವ ರಬ್ಬರ್ ಕಪ್ಪೆ ನಮ್ಮ ಕೊರಮೀನಿಗೆ ಆಗುತ್ತದೆಯೇ? (ಮೈಸೂರು)

ಉತ್ತರ: ಚೆನ್ನಾಗಿಯೇ ಆಗುತ್ತದೆ. ಕೊರಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬಾಸ್‌ಗೆ ಇರುವ ಬೇಸಿಗೆಯ ಕಷ್ಟ ಅದಕ್ಕಿಲ್ಲ, ಬಿಸಿ ಕೆರೆಯ ಅಂಚಿನ ಕಳೆಯಲ್ಲೂ ಸಿಗುತ್ತದೆ. 50 ಪೌಂಡ್ ಭಾರ ತಡೆಯುವ ಹೆಣೆದ ದಾರ ಹಾಕಿ. ನೀರು ಚಿಮ್ಮಿದ ತಕ್ಷಣ ಜಗ್ಗದೆ, ಮೀನಿನ ಭಾರ ದಾರಕ್ಕೆ ಬಂದ ಮೇಲೆ ಜಗ್ಗಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡರೆ ಕೆಳಗೆ ತಾಯ್ತಂದೆ ಕಾವಲಿರುತ್ತವೆ. ಅಲ್ಲಿಗೆ ಗಾಳ ಎಸೆಯಬೇಡಿ.