ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗದಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ

ನಾಲ್ಕು ತಿಂಗಳು ಮೂಲೆಯಲ್ಲಿದ್ದ ಯಂತ್ರದ ಹಗ್ಗವನ್ನು ಇಪ್ಪತ್ತು ಸಲ ಎಳೆದರೂ ಎಂಜಿನ್ ಹಿಡಿಯುತ್ತಿಲ್ಲ, ಹಿಡಿದರೂ ಕ್ಷಣದಲ್ಲೇ ನಿಂತುಹೋಗುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರನ್ನೇ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಅಷ್ಟು ಅವಸರ ಬೇಡ. ಹತ್ತು ಸಲ ಎಳೆದ ಮೇಲೆ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಅದರ ತುದಿ ಒಣಗಿದೆಯೇ ಒದ್ದೆಯಾಗಿದೆಯೇ ಎಂಬುದನ್ನು ನೋಡಿ. ಮುಂದೆ ಯಾವ ಕಡೆ ಹುಡುಕಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ತುದಿ ಒಣಗಿದ್ದರೆ ಸಿಲಿಂಡರಿಗೆ ಪೆಟ್ರೋಲ್ ತಲುಪುತ್ತಿಲ್ಲ. ನೀವು ಹೇಳಿದ ಲಕ್ಷಣ ಹೆಚ್ಚಾಗಿ ಇದನ್ನೇ ಸೂಚಿಸುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ಎಂಬ ಸಣ್ಣ ಹಿತ್ತಾಳೆ ಭಾಗದ ರಂಧ್ರವನ್ನು ಮುಚ್ಚುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಾದರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಹಳೆಯದನ್ನು ಪೂರ್ತಿ ಬಸಿದು, ಕಾರ್ಬ್ಯುರೇಟರಿನ ಅಡಿಯಲ್ಲಿರುವ ಬಟ್ಟಲನ್ನು ಬಿಚ್ಚಿ. ತಳದಲ್ಲಿ ನೀರಿದ್ದರೆ ಪೆಟ್ರೋಲಿನ ಕೆಳಗೆ ಗುಂಡು ಗುಂಡಾಗಿ ಹೊರಳಾಡುವುದು ಕಣ್ಣಿಗೇ ಕಾಣುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಟ್ಟಲನ್ನು ಹಿಡಿದಿರುವ ಬೋಲ್ಟಿನ ಒಳಗೇ ಜೆಟ್ ಇರುತ್ತದೆ. ಅದನ್ನು ಬೆಳಕಿಗೆ ಹಿಡಿದಾಗ ಆಚೆಯ ಬೆಳಕು ಕಾಣದಿದ್ದರೆ, ವಿದ್ಯುತ್ ತಂತಿಯಿಂದ ಬಿಡಿಸಿದ ತಾಮ್ರದ ಒಂದು ಎಳೆಯನ್ನು ಮೆಲ್ಲಗೆ ತೂರಿಸಿ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ. ಸೂಜಿ ಹಾಕಬೇಡಿ, ಹಿತ್ತಾಳೆ ಮೆದು, ರಂಧ್ರ ಹಿಗ್ಗಿದರೆ ಸರಿಯಾಗುವುದಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೂ ಪೆಟ್ರೋಲ್ ಇಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ.

ತುದಿ ಒದ್ದೆಯಾಗಿದ್ದರೆ ಕಿಡಿಯನ್ನೋ ಗಾಳಿಯನ್ನೋ ಅನುಮಾನಿಸಬೇಕು. ಏರ್ ಫಿಲ್ಟರ್ ಎಣ್ಣೆಯಲ್ಲಿ ನೆನೆದಿದ್ದರೆ ಯಂತ್ರವನ್ನು ಯಾರೋ ಕಾರ್ಬ್ಯುರೇಟರ್ ಕೆಳಗಾಗುವಂತೆ ವಾಲಿಸಿದ್ದಾರೆ ಎಂದರ್ಥ. ಯಾವಾಗಲೂ ಅದು ಮೇಲ್ಮುಖವಾಗಿರುವಂತೆ ವಾಲಿಸಬೇಕು. ಪ್ಲಗ್ಗನ್ನು ಒರೆಸಿ, ತುದಿಯಲ್ಲಿ ಕಿಡಿ ಹಾರುವ ಅಂತರವನ್ನು ಕೈಪಿಡಿಯಲ್ಲಿರುವಂತೆ ಹೊಂದಿಸಿ. ಬಹಳಷ್ಟು ಸಣ್ಣ ಎಂಜಿನ್‌ಗಳಲ್ಲಿ ಅದು 0.7ರಿಂದ 0.8 ಮಿ.ಮೀ. ಇರುತ್ತದೆ. ಕಿಡಿಯ ಪರೀಕ್ಷೆಯನ್ನು ಪೆಟ್ರೋಲಿನಿಂದ ದೂರದಲ್ಲಿ, ಚೆಲ್ಲಿದ್ದೆಲ್ಲ ಆರಿದ ಮೇಲೆಯೇ ಮಾಡಿ. ಹಿಡಿಕೆಯ ಬಳಿಯ ಬ್ರೇಕ್ ಲಿವರನ್ನು ಒತ್ತಿ ಹಿಡಿಯದಿದ್ದರೆ ಕಿಡಿ ಬರುವುದೇ ಇಲ್ಲ. ಅದರ ಕೇಬಲ್ ಸಡಿಲವಾಗಿದ್ದರೂ ಅಷ್ಟೇ.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ: ಕಳೆದ ಸಲ ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಿತ್ತೇ? ಹೀಗೆ ಬಡಿದಾಗ ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಭಾರವಾದ ಚಕ್ರವನ್ನು, ಶಾಫ್ಟಿಗೆ ಕೂಡಿಸುವ ಮೆದು ಲೋಹದ ಸಣ್ಣ ಕೀ ಅರ್ಧ ಕತ್ತರಿಸಿಹೋಗಿ, ಕಿಡಿ ಹೊತ್ತುವ ಸಮಯ ತಪ್ಪುತ್ತದೆ. ಕಿಡಿಯೂ ಇರುತ್ತದೆ, ಪೆಟ್ರೋಲೂ ಬರುತ್ತದೆ, ಆದರೂ ಎಂಜಿನ್ ಹಿಡಿಯುವುದಿಲ್ಲ. ಎಳೆಯುವಾಗ ಹಗ್ಗ ಕೈಯಿಂದ ಕಿತ್ತುಕೊಂಡಂತೆ ಹಿಂದಕ್ಕೆ ಜಗ್ಗುತ್ತದೆ. ನಾನು ಈ ಜಗ್ಗುವಿಕೆಯನ್ನು ಲೆಕ್ಕಿಸದೆ ಕಾರ್ಬ್ಯುರೇಟರಿಗೆ ದುಡ್ಡು ಸುರಿದು, ಕೊನೆಗೆ ಬೆರಳಿನ ಉಗುರಿನಷ್ಟಿದ್ದ ಆ ಕೀಯನ್ನು ಬದಲಾಯಿಸಿದಾಗ ಎರಡನೇ ಎಳೆತಕ್ಕೇ ಎಂಜಿನ್ ಹಿಡಿಯಿತು.

ಬ್ಲೇಡಿನ ಬಳಿ ಕೈ ಹಾಕುವ ಮುನ್ನ ಪ್ಲಗ್ಗಿನ ಕ್ಯಾಪನ್ನು ಕಿತ್ತು ದೂರ ಸರಿಸಿಡಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಪ್ಲಗ್ಗಿನ ತುದಿ ಹೇಗಿತ್ತು, ಹಗ್ಗ ಹಿಂದಕ್ಕೆ ಜಗ್ಗುತ್ತದೆಯೇ ಎಂಬ ಎರಡನ್ನು ಇಲ್ಲಿಯೇ ಬರೆದರೆ ಮುಂದಿನದನ್ನು ನೋಡೋಣ.